ಅರ್ಧ ಕೆಟ್ಟ ಎಂಟು ಚಿಪ್‌ಗಳು

"ಗುರುಗಳೇ, ಮಠದಲ್ಲಿ ನನ್ನ ಜೊತೆಗಿರುವ ಏಳು ಜನರಲ್ಲೂ ಒಂದೊಂದು ದೋಷವಿದೆ. ಇಂಥವರೊಡನೆ ನಾನು ಹೊಂದಿಕೊಂಡು ಬಾಳುವುದು ಹೇಗೆ?" ಎಂದು ಶಿಷ್ಯ ಚೆನ್ನಮಲ್ಲ ಕೇಳಿದ.

ಗುರುಗಳು ಹೇಳಿದರು:

ಒಬ್ಬ ಪಾತ್ರೆ ವ್ಯಾಪಾರಿ ಇದ್ದ. ಅವನ ಮನೆಯಲ್ಲಿ ಟಿವಿಗೆ ಜೋಡಿಸುವ ಹಳೇ ಕಾಲದ ಕಂಪ್ಯೂಟರ್ ಇತ್ತು. ಹೆಂಡತಿ ಹರೆಯದಲ್ಲಿ ಅದಕ್ಕೆಂದು ಚೌಕಾಬಾರದ ಆಟವೊಂದನ್ನು ಬರೆದು ಕ್ಯಾಸೆಟ್ಟಿನಲ್ಲಿ ಉಳಿಸಿದ್ದಳು. ಆಮೇಲೆ ಯಂತ್ರದ ನೆನಪಿನ ಚಿಪ್‌ಗಳು ಎಂಟು ಸುಟ್ಟುಹೋದವು. ಉಳಿದ ನೆನಪಿನಲ್ಲಿ ಆಟಕ್ಕೆ ಜಾಗ ಸಾಲಲಿಲ್ಲ. ಸಾಯುವುದರೊಳಗೆ ಒಮ್ಮೆ ಅದನ್ನು ಆಡಬೇಕೆಂದು ಅವಳಿಗೆ ಆಸೆ. ವ್ಯಾಪಾರಿಗೋ ಹೆಂಡತಿಯೆಂದರೆ ಪ್ರಾಣ.

ಗುಜರಿ ಅಂಗಡಿಯ ರಾಶಿಯಲ್ಲಿ ಹುಡುಕಿ, ಕಾಲುಗಳ ಲೆಕ್ಕ ಹೊಂದುವ ಎಂಟು ಚಿಪ್ ತಂದ. ಕೊಳೆ ಹಿಡಿದಿದ್ದವು. ಕಸುಬು ಬಿಟ್ಟೀತೇ? ಹುಣಸೆಹಣ್ಣು, ಬೂದಿ ಹಾಕಿ ಉಜ್ಜಿದ. ಕೂಡಿಸಿದರೆ ತೆರೆಯ ಮೇಲೆ ರಂಗೋಲಿ ಪುಡಿ ಚೆಲ್ಲಿದ ಹಾಗೆ ಏನೇನೋ ಕಾಣಿಸಿತು. ತೆಗೆದ, ಮತ್ತೆ ಉಜ್ಜಿದ, ಹಿಂದೆ ಮುಂದೆ ತಿರುಗಿಸಿ ನೋಡಿದ.

"ನನ್ನನ್ನು ನೋಡಲು ಬಂದ ದಿನವೂ ನೀವು ಇಷ್ಟು ನೋಡಿರಲಿಲ್ಲ" ಎಂದಳು ಹೆಂಡತಿ.

ವ್ಯಾಪಾರಿಗೆ ಸಿಟ್ಟು ನೆತ್ತಿಗೇರಿತು. ಗುಜರಿಯವಳ ಮುಂದೆ ಚಿಪ್‌ಗಳನ್ನು ಸುರಿದ. "ಎಲ್ಲಾ ಕೆಟ್ಟವನ್ನೇ ಕೊಟ್ಟಿದ್ದೀಯಲ್ಲಮ್ಮ!"

"ಅರ್ಧ ಕೆಟ್ಟವೇ ಸ್ವಾಮಿ. ಈ ಯಂತ್ರಕ್ಕೆ ಅಂಥವನ್ನೇ ಹಾಕುತ್ತಿದ್ದರು. ಮೇಲಿನರ್ಧ ಸರಿಯೋ ಕೆಳಗಿನರ್ಧ ಸರಿಯೋ ಅಂತ ಬೆನ್ನ ಮೇಲೆ ಗುರುತಿರುತ್ತೆ. ಎಂಟಕ್ಕೂ ಒಂದೇ ಗುರುತಿದ್ದರೆ ಸುಖವಾಗಿ ಸಂಸಾರ ಮಾಡುತ್ತವೆ" ಎಂದವಳು ಒಂದನ್ನು ಎತ್ತಿ ನೋಡಿ ಹಣೆ ಚಚ್ಚಿಕೊಂಡಳು. "ಅಯ್ಯೋ ದೇವರೇ! ಆ ಗುರುತನ್ನೇ ತಿಕ್ಕಿ ಹಾಕಿದ್ದೀರಲ್ಲ! ಇನ್ನು ಇವುಗಳ ಹಣೆಬರಹ ಬ್ರಹ್ಮನಿಗೂ ಗೊತ್ತಾಗಲ್ಲ."

ಒಂದೇ ಗುರುತಿನ ಬೇರೆ ಎಂಟನ್ನು ಅವಳೇ ಆರಿಸಿ ಕೊಟ್ಟಳು. ವ್ಯಾಪಾರಿ ಅವನ್ನು ಧೂಳಿನ ಸಮೇತ ಕೂಡಿಸಿದ. ಆಟ ಎದ್ದು ಬಂತು. ಕಣ್ಣೊರೆಸಿಕೊಂಡು ಕೂತ ಹೆಂಡತಿ, ಗಂಡನನ್ನು ಮೂರು ಸಲ ಸೋಲಿಸಿದ ಮೇಲೆಯೇ ಎದ್ದಳು.

ಕತೆ ಕೇಳಿ ಚೆನ್ನಮಲ್ಲ ನಕ್ಕ. "ಹಾಗಾದರೆ ಚಿಂತೆಯಿಲ್ಲ ಗುರುಗಳೇ. ಆ ಏಳು ಜನರ ಗುರುತೂ ನನಗೆ ಬಾಯಿಪಾಠ ಬರುತ್ತದೆ."

"ಬರದೆ ಏನಪ್ಪ, ಅವರು ಯಾರೂ ನಿನ್ನ ಹಾಗೆ ತಮ್ಮ ಗುರುತನ್ನು ಉಜ್ಜಿ ಅಳಿಸಿಕೊಂಡಿಲ್ಲವಲ್ಲ" ಎಂದರು ಗುರುಗಳು.