ಕೋಟೆ ಬೀದಿಗೆ ಬಾರದ ಡಂಗುರ

“ನಮ್ಮೂರಲ್ಲಿ ಮೇಲು ಕೀಳು ಅನ್ನೋದನ್ನ ಗುಡಿಸಿ ಆಚೆ ಹಾಕಿದೀನಿ, ಪ್ರಭು!” ಎಂದು ಊರಿನ ಪಾರುಪತ್ಯಗಾರ ಸಾಂತಪ್ಪಯ್ಯ ತುಂಬಿದ ಸಭೆಯಲ್ಲಿ ಕೊಚ್ಚಿಕೊಂಡ.

ಕಂಬದ ಪಕ್ಕ ನಿಂತಿದ್ದ ಡಂಗುರದ ದುರುಗ ತಲೆ ತಗ್ಗಿಸಿ ತನ್ನ ಪಾದ ನೋಡಿಕೊಂಡ. ಊರಿನ ಅರ್ಧ ಕಾಲುಗಳಿಗೆ ಮೆಟ್ಟು ಹೊಲಿದವನು ಅವನೇ. ಅವನ ಕಾಲು ಮಾತ್ರ ಬರಿಗಾಲು.

ಯುಗಾದಿಗೆ ದೊರೆ ಬೊಮ್ಮರಸ ಅಪ್ಪಣೆ ಹೊರಡಿಸಿದ್ದ: “ಮೆಟ್ಟಿನ ಹಳೆಯ ಕಟ್ಟಳೆಗಳೆಲ್ಲ ರದ್ದು. ಇನ್ನು ಮೆಟ್ಟು ಹಾಕುವವರೆಲ್ಲ ಈ ಅಪ್ಪಣೆಯ ಬಲದಿಂದಲೇ ಹಾಕಬೇಕು. ಯಾರು ಬೇಕಾದರೂ, ಯಾವ ಬೀದಿಯಲ್ಲಾದರೂ!” ಅದನ್ನು ಸಾರಿದವನೂ ದುರುಗನೇ. ಆದರೆ ಮೆಟ್ಟು ಹಾಕಿದರೆ ಕಾಲು ಮುರಿಯುತ್ತೇವೆಂದು ಸಾಂತಪ್ಪಯ್ಯನ ಆಳುಗಳು ಹೆದರಿಸಿದ್ದರು.

ದೊರೆಗೆ ಚಾಮರ ಬೀಸುತ್ತಿದ್ದ ಮಲ್ಲಾಜಮ್ಮನ ಕಣ್ಣು ದುರುಗನ ಬೊಬ್ಬೆ ಎದ್ದ ಪಾದದ ಮೇಲೆ ಬಿತ್ತು. ಅರಮನೆಯಲ್ಲಿ ಅವಳ ಬಾಯಿಗೆ ದೊರೆಯೇ ಹೆದರುತ್ತಿದ್ದ.

“ಸಾಂತಪ್ಪಯ್ಯನವರೇ, ಡಂಗುರ ಬೀಳದ ಬೀದಿಗೆ ಅಪ್ಪಣೆ ಅನ್ವಯಿಸುತ್ತದೆಯೇ?”

“ಎಲ್ಲಾದರೂ ಉಂಟೇ ತಾಯಿ! ಡಂಗುರ ಮನೆ ಮುಂದೆ ಬರೋ ತನಕ ಅಪ್ಪಣೆ ಇಲ್ಲ. ಈ ಕಾನೂನು ನನಗೆ ಕಂಠಪಾಠ.”

“ದುರುಗಾ, ಎಲ್ಲೆಲ್ಲಿ ಸಾರಿದೆ?”

“ಆರು ಬೀದೀಲಿ ಸಾರಿದೆ ಅವ್ವಾ. ಕೋಟೆ ಬೀದಿ ಒಳಕ್ಕೆ ಮಾತ್ರ ನನ್ನ ಬಿಡಲಿಲ್ಲ.”

“ಪಾರುಪತ್ಯಗಾರರ ಮನೆ ಎಲ್ಲಿದೆ?”

“ಅದೇ ಬೀದೀಲಿ, ಕೊನೇ ಮನೆ.”

ಮಲ್ಲಾಜಮ್ಮ ಚಾಮರ ನಿಲ್ಲಿಸಿದಳು. “ಹಾಗಾದರೆ ಪ್ರಭು, ಕೋಟೆ ಬೀದಿಯವರಿಗೆ ಮೆಟ್ಟು ಹಾಕಲು ಅಪ್ಪಣೆಯೇ ಇಲ್ಲವಲ್ಲ!”

ದೊರೆ ಮೀಸೆಯಡಿ ನಕ್ಕ. “ಕಾನೂನು ಕಾನೂನೇ. ಸಾಂತಪ್ಪಯ್ಯ, ಮೆಟ್ಟು ಇಲ್ಲೇ ಬಿಟ್ಟು ಹೋಗು.”

ಮೂರು ದಿನ ಸುಡುಬಿಸಿಲಲ್ಲಿ ಪಾರುಪತ್ಯಗಾರ ನೆರಳಿಂದ ನೆರಳಿಗೆ ಕುಪ್ಪಳಿಸಿದ. ಇಡೀ ಕೋಟೆ ಬೀದಿ ಅವನಿಗೆ ಶಾಪ ಹಾಕಿತು. ನಾಲ್ಕನೆಯ ದಿನ ಅವನೇ ದುರುಗನ ಕೇರಿಗೆ ಬಂದ.

“ಬಾರಪ್ಪ ದುರುಗಪ್ಪ, ನಮ್ಮ ಬೀದೀಲಿ ಒಂದ್ಸಲ ಸಾರಿಬಿಡು.”

“ಮೆಟ್ಟು ಹಾಕ್ಕೊಂಡು ಬರ್ಲಾ, ಬಿಟ್ಟು ಬರ್ಲಾ ಬುದ್ಧಿ?”

“ಹಾಕ್ಕೊಂಡೇ ಬಾ ಮಾರಾಯ!”

ದುರುಗ ಅಂದೇ ಹೊಲಿದು ಮುಗಿಸಿದ ಮೆಟ್ಟು ಮೆಟ್ಟಿ ಕೋಟೆ ಬೀದಿಗೆ ಕಾಲಿಟ್ಟ. ಪ್ರತಿ ಮನೆಯ ಮುಂದೂ ನಿಂತು, ತಮಟೆ ಬಡಿದು, ಸಾವಕಾಶವಾಗಿ ಸಾರಿದ. ಸಾರಿದ ಮನೆಯವರು ಒಬ್ಬೊಬ್ಬರಾಗಿ ಓಡಿ ಮೆಟ್ಟು ಹಾಕಿಕೊಂಡರು. ಕೊನೆಯ ಮನೆಯ ಮುಂದೆ ಸಾಂತಪ್ಪಯ್ಯ ಒಂಟಿಕಾಲಲ್ಲಿ ಕುಣಿಯುತ್ತಿದ್ದ.

“ಬೇಗ ಬಾರೋ, ಕಾಲು ಸುಡ್ತಿದೆ!”

“ತಡೀರಿ ಬುದ್ಧಿ,” ಎಂದ ದುರುಗ. “ಹೊಸ ಮೆಟ್ಟು, ಕಚ್ತಾ ಇದೆ. ಈ ಬೀದೀಲಿ ಹಾಕ್ಕೊಂಡು ನಡೆದು ನನಗೆ ಅಭ್ಯಾಸ ಇಲ್ಲ ನೋಡಿ.”