ಮುಂಗುಸಿರಾಯನ ಮನೆಮನೆ ಪ್ರಚಾರ

ಹಾವಿನ ಕಾಟ ತಾಳಲಾರದೆ ಕೋಳಿಗಳು ಒಬ್ಬ ಕಾವಲುಗಾರನನ್ನು ಆರಿಸಲು ಸಭೆ ಸೇರಿದವು. ಚುನಾವಣೆಗೆ ನಿಂತವನು ಮುಂಗುಸಿರಾಯ ಒಬ್ಬನೇ. ಬೂದಕ್ಕ ಎಂಬ ಹೇಂಟೆಗೆ ಮಾತ್ರ ಸುಮ್ಮನಿರಲಾಗಲಿಲ್ಲ.

"ನಿನ್ನೆ ನನ್ನ ಮೊಟ್ಟೆಗಳನ್ನೆಲ್ಲ ತಿಂದವನು ಇವನೇ. ಕಣ್ಣಾರೆ ಕಂಡಿದ್ದೇನೆ," ಎಂದಳು.

"ಎಲ್ಲಿ, ಆ ಮೊಟ್ಟೆಗಳನ್ನು ತೋರಿಸಮ್ಮ," ಎಂದ ಅಧ್ಯಕ್ಷ ಹುಂಜಯ್ಯ.

"ತಿಂದುಬಿಟ್ಟ ಮೇಲೆ ಎಲ್ಲಿಂದ ತೋರಿಸಲಿ, ಸ್ವಾಮಿ?"

"ಹಾಗಾದರೆ ಪುರಾವೆಯಿಲ್ಲ. ಇರಲಿ, ಚರ್ಚೆ ಮಾಡೋಣ."

ಮುಂಗುಸಿರಾಯ ಮೀಸೆಗಂಟಿದ ಹಳದಿ ಒರೆಸಿಕೊಂಡು ಕೈಮುಗಿದ. "ನನ್ನ ವಿಷಯ ಚರ್ಚೆಯಾಗುವಾಗ ನಾನು ಇಲ್ಲಿ ಕೂರುವುದು ಸರಿಯಲ್ಲ. ಅಷ್ಟರಲ್ಲಿ ಮನೆಮನೆಗೆ ಹೋಗಿ ಪ್ರಚಾರ ಮುಗಿಸುತ್ತೇನೆ."

ಎಂಥ ಸಜ್ಜನಿಕೆ ಎಂದು ಕೋಳಿಗಳು ರೆಕ್ಕೆ ಬಡಿದವು.

"ಗೂಡುಗಳಲ್ಲಿ ಯಾರೂ ಇಲ್ಲವಲ್ರೋ!" ಎಂದು ಬೂದಕ್ಕ ಅರಚಿದಳು.

"ವಿಷಯ ಬಿಟ್ಟು ಮಾತಾಡಬೇಡ," ಎಂದು ಹುಂಜಯ್ಯ ಗದರಿದ.

ಹಾವು ತಿನ್ನುವುದಕ್ಕಿಂತ ನಮ್ಮವರೇ ತಿಂದರೆ ವಾಸಿ ಎಂದು ಕೆಲವರು, ತಿಂದರೂ ಹಾವು ಹಿಡಿಯುತ್ತಾರಲ್ಲ ಎಂದು ಕೆಲವರು ಸಂಜೆವರೆಗೂ ವಾದಿಸಿದರು. ಮರಳಿ ಹೋಗಿ ನೋಡಿದರೆ ಯಾರ ಗೂಡಿನಲ್ಲೂ ಒಂದು ಮೊಟ್ಟೆಯಿಲ್ಲ.

"ಈಗಲಾದರೂ ಕಣ್ಣು ಬಿಡಿ!" ಎಂದಳು ಬೂದಕ್ಕ.

ಹುಂಜಯ್ಯ ಗಂಟಲು ಸರಿಮಾಡಿಕೊಂಡ. "ನಿನ್ನ ಗೂಡಿಗೆ ಮಾತ್ರ ಅನ್ಯಾಯವಾಯಿತೆಂಬ ದೂರು ಇಲ್ಲಿಗೆ ಬಿದ್ದುಹೋಯಿತು. ಮುಂಗುಸಿರಾಯರು ಎಲ್ಲರನ್ನೂ ಒಂದೇ ಸಮನಾಗಿ ಕಾಣುವವರು."

ಎಲ್ಲರೂ ಒಪ್ಪಿ ಹಾರ ಹಿಡಿದು ಹೊರಟರು. ಮುಂಗುಸಿರಾಯ ಬೇಲಿಯ ಪಕ್ಕ ಉಬ್ಬಿದ ಹೊಟ್ಟೆ ಮೇಲೆಮಾಡಿ ಗೊರಕೆ ಹೊಡೆಯುತ್ತಿದ್ದ. ಬೂದಕ್ಕ ಮತ್ತೆ ಬಾಯಿ ತೆರೆದಳು.

"ಶ್! ಮೆಲ್ಲಗೆ," ಎಂದ ಹುಂಜಯ್ಯ, "ಬೆಳಗಿನಿಂದ ಒಂದು ಮನೆಯನ್ನೂ ಬಿಡದೆ ಪ್ರಚಾರ ಮಾಡಿ ದಣಿದಿದ್ದಾರೆ."