ಮಂಕಾಳಿ ಕಾದ ಕೆರೆ

ನಮ್ಮಜ್ಜಿಯ ಅಜ್ಜಿ ಇನ್ನೂ ಹುಟ್ಟಿರದ ಕಾಲ. ಹೊಳೆ ಸಮುದ್ರ ಸೇರುವಲ್ಲಿ ಒಂದೂರು, ಇದೇ ಊರು ಅನ್ನಿ. ಇಲ್ಲಿ ಮಂಕಾಳಿ ಅಂತ ಒಬ್ಬ ಅಂಬಿಗರ ಹೆಂಗಸಿದ್ದಳಂತೆ. ಸಮುದ್ರಕ್ಕೆ ಹೋದ ಗಂಡ ತಿರುಗಿ ಬಂದಿರಲಿಲ್ಲ. ಊರ ಸಿಹಿನೀರಿನ ಕೆರೆ ಕಾಯುವುದು ಅವಳ ಕೆಲಸ. ಮಳೆಗಾಲದಲ್ಲಿ ದೋಣಿ ಇಳಿಸಲಾಗದಾಗ ಊರೆಲ್ಲ ಉಣ್ಣುತ್ತಿದ್ದದ್ದು ಆ ಕೆರೆಯ ಮೀನನ್ನೇ.

ಬೇಸಿಗೆ ಬಂದರೆ ಉಬ್ಬರದ ಉಪ್ಪುನೀರು ದಂಡೆಯ ಅಡಿಯಿಂದ ಕೆರೆಗೆ ಜಿನುಗುತ್ತಿತ್ತು. ಉಪ್ಪುನೀರು ಭಾರ, ತಳದಲ್ಲೇ ಕೂರುತ್ತದೆ. ಮಂಕಾಳಿ ದಿನಾ ಬೆಳಗ್ಗೆ ಮುಳುಗಿ, ತಳದ ನೀರನ್ನು ಬಾಯಲ್ಲಿ ತುಂಬಿ ತರುತ್ತಿದ್ದಳಂತೆ. ನಾಲಿಗೆಗೆ ಉಪ್ಪು ಹತ್ತಿದ ದಿನ, ಹೊಳೆ ಇಳಿಯುವುದನ್ನು ಕಾದು ಅಡಿಯ ತೂಬು ತೆಗೆಯುವಳು, ತಳದ ನೀರು ಹೊರಗೆ. ಮೇಲಿಂದ ಗುಡ್ಡದ ತೊರೆ ತಿರುಗಿಸುವಳು, ಸಿಹಿನೀರು ಒಳಗೆ. ವಾರ ಬಿಟ್ಟು ಬರುವ ಉಪ್ಪೂ ಅವಳಿಗೆ ಇವತ್ತೇ ತಿಳಿಯುತ್ತಿತ್ತಂತೆ. ಅವಳು ನೀರಿಗಿಳಿದರೆ ಮೀನುಗಳು ಕಾಲು ಸುತ್ತಿ ನಿಲ್ಲುತ್ತಿದ್ದವಂತೆ.

ಒಂದು ವರ್ಷ ಊರ ಒಡೆಯ ಆ ತೊರೆಯನ್ನು ತನ್ನ ಹೊಸ ತೆಂಗಿನ ತೋಟಕ್ಕೆ ತಿರುಗಿಸಿಕೊಂಡ. ಮಂಕಾಳಿ ಒಂದು ಕೊಡ ಕೆರೆನೀರು ಹೊತ್ತು ಅವನ ಅಂಗಳಕ್ಕೆ ಹೋದಳಂತೆ.

"ಒಡೆಯಾ, ಕುಡಿದು ನೋಡಿ. ಇನ್ನು ಹತ್ತು ದಿನ ತೊರೆ ಬರದಿದ್ರೆ ಒಂದು ಮೀನೂ ಉಳಿಯೂದಿಲ್ಲ."

"ನಿನ್ನ ಮೀನಿಗೋಸ್ಕರ ನನ್ನ ತೆಂಗು ಒಣಗಬೇಕೇನೇ?" ಅಂದನಂತೆ ಒಡೆಯ.

ಜಗಲಿಯ ಮೇಲೆ ಊರ ಹಿರಿಯರೆಲ್ಲ ಕೂತಿದ್ದರು. ನಮ್ಮ ಮನೆಯವರೂ ಇದ್ದರಂತೆ. ಒಬ್ಬರೂ ಮಾತಾಡಲಿಲ್ಲ. ಒಬ್ಬರೂ ಆ ಕೊಡ ಮುಟ್ಟಲಿಲ್ಲ.

ಹತ್ತನೇ ದಿನ ಮೀನುಗಳು ಹೊಟ್ಟೆ ಮೇಲಾಗಿ ತೇಲಿದವು. ಆಗ ಊರಿಗೆ ಬಾಯಿ ಬಂತು. ಒಡೆಯನನ್ನು ಕೇಳಿದವರಿಲ್ಲ. ತೊರೆ ಹೋದ ಸಿಟ್ಟಿಗೆ ಮಂಕಾಳಿಯೇ ತೂಬು ತೆಗೆದು ಉಪ್ಪುನೀರು ಬಿಟ್ಟಳು ಅಂದರಂತೆ.

ಅವಳು ಉಸಿರಿದ್ದ ಇಪ್ಪತ್ತು ಮೀನು ಹಿಡಿದು, ಹಿತ್ತಲಲ್ಲಿ ಹೊಂಡ ತೋಡಿ, ಗುಡ್ಡದಿಂದ ನೀರು ಹೊತ್ತು ಹೊತ್ತು ಮಳೆ ಬರುವ ತನಕ ಸಾಕಿದಳಂತೆ. ಕೊಡ ಇಟ್ಟ ಜಾಗದಲ್ಲಿ ನೆತ್ತಿಯ ಕೂದಲೇ ಉದುರಿಹೋಯಿತಂತೆ. ಮಳೆ ಬಿದ್ದು ಕೆರೆ ಸಿಹಿಯಾದ ದಿನ ಇಪ್ಪತ್ತನ್ನೂ ಕೆರೆಗೆ ಬಿಟ್ಟು, ದೋಣಿ ಹತ್ತಿ ಹೊಳೆಯ ಆಚೆ ದಡಕ್ಕೆ ಹೋದಳು. ಮತ್ತೆ ಈ ಕಡೆ ಬರಲಿಲ್ಲ.

ಆ ಇಪ್ಪತ್ತರ ಸಂತಾನವನ್ನೇ ನಾವು ಇವತ್ತೂ ತಿನ್ನುವುದು. ಮರುವರ್ಷ ಊರಿಗೆ ನಾಚಿಕೆಯಾಗಿ, ಮೊದಲು ಬಲೆಗೆ ಬಿದ್ದ ಮೀನನ್ನು ಅವಳಿಗೆ ಕಳಿಸಿದರಂತೆ. ಅವಳು ಅದೇ ದೋಣಿಯಲ್ಲಿ ವಾಪಸು ಕಳಿಸಿದಳಂತೆ. ಬದುಕಿದ್ದಷ್ಟು ವರ್ಷವೂ ಹಾಗೇ.

ಈಗಲೂ ಮೊದಲ ಮೀನನ್ನು ಬಾಳೆಎಲೆಯಲ್ಲಿ ಸುತ್ತಿ ಆಚೆ ದಡಕ್ಕೆ ಕಳಿಸುತ್ತೇವೆ. ಅಲ್ಲಿ ಯಾರೋ ಒಯ್ದು ಸಾರು ಮಾಡಿಕೊಳ್ಳುತ್ತಾರೆ. ಬೇಡ ಅನ್ನಲು ಅವಳಿಲ್ಲ.